ಒಪ್ಪಿಗೆಯ ಗುಂಡಿ

2025ರ ದೀಪಾವಳಿಗೆ ಇನ್ನು ನಾಲ್ಕೈದು ದಿನ ಇತ್ತು. ಇಂಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕಂಪ್ಯೂಟರ್ ಅಂಗಡಿಯ ಹುಡುಗ ಚಕ್ಕಳಮಕ್ಕಳ ಹಾಕಿ ಕುಳಿತು ಹೊಸ ಯಂತ್ರವನ್ನು ಅಣಿಗೊಳಿಸುತ್ತಿದ್ದ. ನಾನು ಅವನಿಗೆ ಚಹಾ ಮಾಡಿಕೊಂಡು ಬರುವಷ್ಟರಲ್ಲಿ ಯಂತ್ರ ಐದಾರು ಪ್ರಶ್ನೆ ಕೇಳಿತ್ತು. ಐದಾರಕ್ಕೂ ಅವನು ಉತ್ತರ ಕೊಟ್ಟು ಮುಗಿಸಿದ್ದ.

"ಏನ್ ಕೇಳಿತಪಾ ಅದು?" ಎಂದೆ.

"ಏನಿಲ್ರಿ ಅಕ್ಕಾರ. ಅದು ಕೇಳೂದ ಹಂಗ. ಎಲ್ಲಾದಕ್ಕೂ ಯೆಸ್ ಒತ್ತಿಬಿಡೂದು."

"ಯಾರ ಪರವಾಗಿ ಒತ್ತಿದಿ?"

ಹುಡುಗ ನಕ್ಕ. "ನಿಮ್ಮ ಪರವಾಗಿ ರೀ. ಕಂಪ್ಯೂಟರ್ ನಿಮ್ಮದಲ್ಲೇನ್ರಿ?"

ಅವನಿಗೆ ಎರಡು ಮಾತು ಹೇಳಬೇಕೆಂದು ಬಾಯಿ ತೆರೆದವಳು ಸುಮ್ಮನಾದೆ. ಏಕೆಂದರೆ ಅವನು ಒಬ್ಬಳ ಪರವಾಗಿ ಒತ್ತಿದ್ದ. ನಾನು ಒಂಬತ್ತು ವರ್ಷದ ಹಿಂದೆ ಹದಿನೇಳು ಜನರ ಪರವಾಗಿ ಒತ್ತಿದ್ದೆ. ನಮ್ಮ ಕನ್ನಡದಲ್ಲಿ ಗುಂಡಿ ಎಂಬ ಮಾತಿಗೆ ಒತ್ತುವುದು ಎಂದೂ ಅರ್ಥವಿದೆ, ಬೀಳುವುದು ಎಂದೂ ಅರ್ಥವಿದೆ. ಇದು ನನಗೆ ಅಂದು ಹೊಳೆಯಿತು.

ಹದಿನೇಳು ಜನ ಯಾರು ಎಂದು ಹೇಳಬೇಕು. ನನ್ನ ತವರು ಬಸವನ ಬಾಗೇವಾಡಿ. ಕನ್ನಡ ಶಿಕ್ಷಕಿಯಾಗಿ ಮುದ್ದೇಬಿಹಾಳದಲ್ಲಿ ಕೆಲವು ವರ್ಷ, ಸಿಂದಗಿಯಲ್ಲಿ ಕೆಲವು ವರ್ಷ ಇದ್ದು, ಕೊನೆಗೆ ಇಂಡಿಗೆ ಬಂದು, 2014ರಲ್ಲಿ ಇಲ್ಲಿಯೇ ನಿವೃತ್ತಳಾದೆ. ಅದೇ ವರ್ಷ ಮಗ ಒಂದು ಕಂಪ್ಯೂಟರ್ ತಂದಿಟ್ಟು ಹೋದ. ನಮ್ಮ ಓಣಿಯ ಹೆಂಗಸರ ಉಳಿತಾಯ ಸಂಘದ ಲೆಕ್ಕ ಬರೆಯುವ ಕೆಲಸ ಮೊದಲಿನಿಂದಲೂ ನನ್ನದೇ. ದಪ್ಪ ರಟ್ಟಿನ ವಹಿಯಲ್ಲಿ ಹೆಸರು, ಸಾಲದ ಮೊತ್ತ, ಕಂತು, ಕಾರಣ ಎಂದು ನಾಲ್ಕು ಗೆರೆ ಹಾಕಿರುತ್ತಿದ್ದೆ. ಕಾರಣದ ಕೆಳಗೆ ಎಲ್ಲರಿಗೂ ಒಂದೇ ಉತ್ತರ: ಮನೆಖರ್ಚು. ಅವರು ನಿಜವಾದ ಕಾರಣ ಹೇಳುತ್ತಿರಲಿಲ್ಲ ಎಂದಲ್ಲ. ನನ್ನ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು, ನಾನು ಉಳ್ಳಾಗಡ್ಡಿ ಹೆಚ್ಚುವಾಗ ಎಲ್ಲವನ್ನೂ ಹೇಳುತ್ತಿದ್ದರು. ಅತ್ತೆಗೆ ಗೊತ್ತಾಗದಂತೆ ತವರಿನ ತಾಯಿಗೆ ಕಳಿಸಬೇಕಾದ ಹಣ, ಗಂಡ ಇಸ್ಪೀಟಿನಲ್ಲಿ ಕಳೆದದ್ದನ್ನು ತುಂಬಿಕೊಡಬೇಕಾದದ್ದು, ಮದುವೆಯಾಗಬೇಕಾದ ಮಗಳಿಗೆ ವಿಜಯಪುರದಲ್ಲಿ ಕೊಡಿಸುತ್ತಿದ್ದ ಔಷಧ. ಹೇಳಿ ಏಳುವಾಗ ಎಲ್ಲರದೂ ಒಂದೇ ಮಾತು: "ಅಕ್ಕಾರ, ನಿಮ್ಮ ಹೊಟ್ಟ್ಯಾಗ ಇರ್ಲಿ."

ಕಂಪ್ಯೂಟರ್ ಬಂದಮೇಲೆ ನನಗೆ ಮಾಸ್ತರಿಕೆಯ ಚಟ ಹತ್ತಿತು. ಅಷ್ಟು ಚೆಂದದ ಕೋಷ್ಟಕದಲ್ಲಿ ಎಲ್ಲ ಸಾಲಿಗೂ 'ಮನೆಖರ್ಚು' ಎಂದಿದ್ದರೆ ಕಣ್ಣಿಗೆ ಬೇಸರ. ಒಂದೊಂದಾಗಿ ನಿಜವಾದ ಕಾರಣ ತುಂಬಿದೆ. ಹೊಟ್ಟೆಯಲ್ಲಿಡಬೇಕಾದ್ದನ್ನು ಪೆಟ್ಟಿಗೆಯಲ್ಲಿಟ್ಟೆ. ಪೆಟ್ಟಿಗೆ ನನ್ನದೇ ಅಲ್ಲವೇ, ಬೀಗದ ಮಾತು ಬೇರೆ ಹಾಕಿದ್ದೇನಲ್ಲ ಎಂಬ ಧೈರ್ಯ.

ಹಲಸಂಗಿ ಇಲ್ಲಿಂದ ದೂರವಲ್ಲ. ಅಲ್ಲಿಯ ಗೆಳೆಯರು ಹೆಂಗಸರ ತ್ರಿಪದಿಗಳನ್ನು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ತಂದರು. ಮನೆಯಲ್ಲಿ ಯಾರ ಮುಂದೆಯೂ ಹೇಳಲಾಗದ್ದನ್ನು ನಮ್ಮ ಅಜ್ಜಿಯಂದಿರು ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಹಾಡಿಕೊಂಡರು. ಕಲ್ಲು ಜೋಳ ಬೀಸಿಕೊಟ್ಟಿತು, ಕೇಳಿದ್ದನ್ನು ಇಟ್ಟುಕೊಳ್ಳಲಿಲ್ಲ. ಕಂಪ್ಯೂಟರೂ ಒಂದು ಬೀಸುವ ಕಲ್ಲೆಂದೇ ನಾನು ತಿಳಿದಿದ್ದೆ.

ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ ಒಂದಿರುತ್ತದೆ. ಮನೆಗೆ ಯಜಮಾನಿ ಇದ್ದ ಹಾಗೆ. ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ ಎಂಬುದು ನಮ್ಮಲ್ಲಿ ಎಲ್ಲ ಕಡೆ ಕಾಣುವ ಯಜಮಾನಿ. 2015ರ ಜುಲೈ 29ರಂದು ಅದರ ಹತ್ತನೆಯ ಆವೃತ್ತಿ ಬಂತು. ಏಳು, ಎಂಟು ಇದ್ದವರಿಗೆ ಒಂದು ವರ್ಷದವರೆಗೆ ಪುಕ್ಕಟೆ. ಅಲ್ಲಿಂದ ಪರದೆಯ ಮೂಲೆಯಲ್ಲಿ ಆಮಂತ್ರಣ ಶುರು. ಈಗಲೇ ಹಾಕಿಕೊಳ್ಳುತ್ತೀರಾ, ರಾತ್ರಿ ಹಾಕಿಕೊಳ್ಳುತ್ತೀರಾ ಎಂಬ ಧಾಟಿ. 2016ರ ಮೇ ಹೊತ್ತಿಗೆ ಆಮಂತ್ರಣದ ಮೂಲೆಯ ಗುಣಾಕಾರ ಚಿಹ್ನೆ ಒತ್ತಿ ಮುಚ್ಚಿದರೂ ನಿಗದಿಯಾದ ಬದಲಾವಣೆ ರದ್ದಾಗದು ಎಂದು ಗೊತ್ತಾಗಿ ಜಗತ್ತಿನಲ್ಲೆಲ್ಲ ಗದ್ದಲವಾಯಿತು. ಬಾಗಿಲು ಹಾಕಿಕೊಂಡದ್ದನ್ನೇ ಒಳಗೆ ಬಾ ಎಂದು ತಿಳಿದುಕೊಂಡಂತೆ. ಮುಂದಿನ ತಿಂಗಳು ಕಂಪನಿಯವರು 'ಬೇಡ' ಎನ್ನಲು ಸ್ಪಷ್ಟವಾದ ಜಾಗ ಮಾಡಿಕೊಟ್ಟರು. ಅದೇ ಹೊತ್ತಿಗೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪ್ರವಾಸ ಏರ್ಪಡಿಸುವ ಸಣ್ಣ ವ್ಯವಹಾರದ ಹೆಣ್ಣುಮಗಳೊಬ್ಬಳು, ಕೇಳದೆ ಬಂದ ಬದಲಾವಣೆಯಿಂದ ತನ್ನ ಯಂತ್ರ ಕೆಟ್ಟಿತೆಂದು ದಾವೆ ಹೂಡಿ 10,000 ಡಾಲರ್ ಪಡೆದಳು. ತಪ್ಪು ಒಪ್ಪಿಕೊಳ್ಳದೆಯೇ ಕಂಪನಿ ಮೇಲ್ಮನವಿ ಕೈಬಿಟ್ಟಿತು.

ನಾನು ಅಷ್ಟು ಗಟ್ಟಿಗಿತ್ತಿಯಲ್ಲ. ಒಂದು ಸಂಜೆ, ಒಲೆಯ ಮೇಲೆ ಹಾಲು ಇದ್ದಾಗ, ಹ್ಞೂಂ ಎಂದು ಒತ್ತಿದೆ. ಆಮೇಲೆ ಬಂದ ಇಂಗ್ಲಿಷಿನ ಪುಟಗಳನ್ನೂ ಓದಲಿಲ್ಲ. ಹಾಲು ಉಕ್ಕಲಿಲ್ಲ ಎಂಬುದೇ ಆ ಹೊತ್ತಿನ ಸಮಾಧಾನ.

1974ರಲ್ಲಿ ಬಸವನ ಬಾಗೇವಾಡಿಯ ನಮ್ಮ ಮನೆಗೆ ಗಂಡಿನ ಕಡೆಯವರು ಬಂದಿದ್ದರು. ಅವಲಕ್ಕಿ ಕೊಟ್ಟು ಒಳಗೆ ಹೋದೆ. ಅಪ್ಪ ಬಾಗಿಲಲ್ಲಿ ನಿಂತು, "ಒಪ್ಪಿಗಿ ಐತಿಲ್ಲವಾ?" ಎಂದರು. ನಾನು ತಲೆ ತಗ್ಗಿಸಿದೆ. ಅಪ್ಪ ಹೊರಗೆ ಹೋಗಿ, "ಹುಡುಗಿ ಒಪ್ಯಾಳ" ಎಂದರು. ಮದುವೆ ಚೆನ್ನಾಗಿಯೇ ನಡೆಯಿತು, ಅದರ ಬಗ್ಗೆ ದೂರಿಲ್ಲ. ಆದರೆ ಅಂದು ನಾನು ಒಪ್ಪಿದ್ದೆನೇ? ಒಪ್ಪದಿದ್ದರೆ ತಲೆಯನ್ನು ಏನು ಮಾಡಬೇಕಿತ್ತು? ಮೌನವೇ ಸಮ್ಮತಿ ಎಂಬ ಮಾತನ್ನು ಕಟ್ಟಿದವರು ಯಾರೋ, ಅವರನ್ನು ಯಾರೂ ಹೆಣ್ಣು ನೋಡಲು ಬಂದಿರಲಿಕ್ಕಿಲ್ಲ.

ಜಾಹೀರಾತಿನ ವಿಷಯಕ್ಕೆ ಬರುತ್ತೇನೆ. ಬಟ್ಟೆ ಅಂಗಡಿಯವರು ಕೊಟ್ಟ ಕ್ಯಾಲೆಂಡರು ನಮ್ಮ ಅಡುಗೆಮನೆಯಲ್ಲೂ ತೂಗುತ್ತದೆ, ಹಾಲಿನ ಲೆಕ್ಕ ಅದರ ಮೇಲೆಯೇ. ಸಿಂದಗಿಯ ದಾರಿಯಲ್ಲಿ ಊರೂರಿನ ಗೋಡೆಗಳ ಮೇಲೆ ಸಿಮೆಂಟಿನ ಹೆಸರು ಬರೆದಿರುವುದನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ. ಅದರಲ್ಲಿ ಮುಚ್ಚುಮರೆ ಇಲ್ಲ. ಆದರೆ ಕ್ಯಾಲೆಂಡರನ್ನು ನಾನು ನೋಡುತ್ತೇನೆ, ಕ್ಯಾಲೆಂಡರು ನನ್ನನ್ನು ನೋಡುವುದಿಲ್ಲ. ನಾನು ಯಾವ ತಾರೀಖಿನ ಮುಂದೆ ಎಷ್ಟು ಹೊತ್ತು ನಿಂತೆ ಎಂದು ಅದು ಅಂಗಡಿಗೆ ಹೋಗಿ ಹೇಳುವುದಿಲ್ಲ. ಹತ್ತನೆಯ ವಿಂಡೋಸಿನಲ್ಲಿ ಪ್ರತಿಯೊಬ್ಬರಿಗೂ ಒಂದು ಜಾಹೀರಾತು ಸಂಖ್ಯೆ ಇಟ್ಟರು. ನಾವು ಬಳಸುವ ಆಪ್‌ಗಳು ಆ ಸಂಖ್ಯೆಯ ಹೆಸರಿನಲ್ಲಿ ನಮ್ಮ ಅಭಿರುಚಿ ಗುರುತಿಟ್ಟು, ಅದಕ್ಕೆ ತಕ್ಕ ಜಾಹೀರಾತು ತೋರಿಸಬಹುದು. 2016ರ ಜುಲೈನಲ್ಲಿ ಫ್ರಾನ್ಸಿನ ಖಾಸಗಿತನ ಕಾಯುವ ಸರ್ಕಾರಿ ಸಂಸ್ಥೆ, ಅಗತ್ಯಕ್ಕಿಂತ ಹೆಚ್ಚು ಮಾಹಿತಿ ಪಡೆಯುತ್ತಿದ್ದೀರಿ, ಈ ಸಂಖ್ಯೆಯನ್ನೂ ಒಪ್ಪಿಗೆ ಇಲ್ಲದೆ ಮೊದಲೇ ಚಾಲೂ ಇಟ್ಟಿದ್ದೀರಿ ಎಂದು ಕಂಪನಿಗೆ ನೋಟಿಸು ಕೊಟ್ಟಿತು. ಕಂಪನಿ ತಿದ್ದಿಕೊಂಡಿತು, ಮರುವರ್ಷ ನೋಟಿಸು ಮುಗಿಯಿತು. ಆದರೂ 2024ರ ಏಪ್ರಿಲ್‌ನಲ್ಲಿ ಹನ್ನೊಂದನೆಯ ಆವೃತ್ತಿಯ ಸ್ಟಾರ್ಟ್ ಪಟ್ಟಿಯೊಳಗೇ 'ಶಿಫಾರಸು' ಎಂಬ ಹೆಸರಿನಲ್ಲಿ ಆಪ್‌ಗಳ ಪ್ರಚಾರ ಬಂತು. ಪುಕ್ಕಟೆ ಬಣ್ಣ ಬಳಿಸಿಕೊಂಡ ಗೋಡೆಯ ಮೇಲೆ ಸಿಮೆಂಟಿನ ಹೆಸರು ಬರೆದರೆ ನ್ಯಾಯ. ದುಡ್ಡು ಕೊಟ್ಟು ಕಟ್ಟಿಸಿದ ಮನೆಯ ದೇವರ ಜಗುಲಿಯ ಪಕ್ಕದಲ್ಲಿ ಬರೆದರೆ?

ಹಾಗಾದರೆ ಹಳೆಯದನ್ನೇ ಇಟ್ಟುಕೊಂಡು ಕೂಡಬಾರದೇ ಎನ್ನಬಹುದು. ಮುದ್ದೇಬಿಹಾಳದ ನನ್ನ ಹಳೆಯ ಸಹೋದ್ಯೋಗಿ ಹಾಗೆಯೇ ಹಟ ಹಿಡಿದಿದ್ದಾಳೆ. ಆದರೆ ಅದೂ ಸರಿಯಲ್ಲ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಪಿಡುಗು ಲಕ್ಷಾಂತರ ಕಂಪ್ಯೂಟರುಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು, ಬ್ರಿಟನ್ನಿನ ಆಸ್ಪತ್ರೆಗಳೂ ಸಿಕ್ಕಿಬಿದ್ದವು. ಅದಕ್ಕೆ ಮದ್ದನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ ಕೊಟ್ಟಿತ್ತು. ಹಾಕಿಕೊಳ್ಳದವರು ಕೆಟ್ಟರು. ಯಂತ್ರ ಎಲ್ಲಿ ಮುಗ್ಗರಿಸಿತು ಎಂದು ಕಂಪನಿಗೆ ತಿಳಿಯದಿದ್ದರೆ ರಿಪೇರಿ ಹೇಗೆ ಎಂಬುದೂ ನಿಜ. ನನ್ನ ತಕರಾರು ಮದ್ದಿನ ಬಗ್ಗೆ ಅಲ್ಲ. ಮದ್ದಿನ ಪೊಟ್ಟಣದಲ್ಲೇ ಜಾಹೀರಾತಿನ ಚೀಟಿ ಸುತ್ತಿಟ್ಟು, ಎರಡಕ್ಕೂ ಸೇರಿ ಒಂದೇ ಒಪ್ಪಿಗೆ ಕೇಳಿದರೆ, ಜ್ವರ ಬಂದವಳು ಏನೆಂದಾಳು?

2025ರ ಅಕ್ಟೋಬರ್ 14ಕ್ಕೆ ಹತ್ತನೆಯ ಆವೃತ್ತಿಗೆ ಮದ್ದು ಕೊಡುವುದು ನಿಂತಿತು. ನನ್ನ 2014ರ ಯಂತ್ರಕ್ಕೆ ಹನ್ನೊಂದನೆಯದು ಹಿಡಿಸುವುದಿಲ್ಲ. ಇನ್ನೊಂದು ವರ್ಷ ಮದ್ದು ಬೇಕಾದವರಿಗೆ 30 ಡಾಲರ್ ಕೊಡುವ ದಾರಿ ಇತ್ತು. ಪುಕ್ಕಟೆ ಬೇಕೆಂದರೆ ಕಂಪನಿಯಲ್ಲಿ ಖಾತೆ ತೆರೆದು ನಮ್ಮ ಯಂತ್ರದ ಸೆಟ್ಟಿಂಗ್ಸ್ ಅಲ್ಲಿ ನಕಲು ಮಾಡಿಡಬೇಕಿತ್ತು. ಯುರೋಪಿನ ಗ್ರಾಹಕರ ಸಂಘಟನೆ ತಗಾದೆ ತೆಗೆದ ಮೇಲೆ ಅಲ್ಲಿಯವರಿಗೆ ನಕಲಿನ ಷರತ್ತು ಬಿಟ್ಟರು. ಇಂಡಿಯಲ್ಲಿ ತಗಾದೆ ತೆಗೆಯುವವರು ಯಾರು? ನಾನು ಹೊಸ ಯಂತ್ರವನ್ನೇ ಕೊಂಡೆ.

ಆ ರಾತ್ರಿ ಹುಡುಗ ಹೋದಮೇಲೆ ಕನ್ನಡಕ ಹಾಕಿಕೊಂಡು ಸೆಟ್ಟಿಂಗ್ಸ್ ಒಳಗೆ ಹೊಕ್ಕು, ಪ್ರೈವಸಿ ಅಂಡ್ ಸೆಕ್ಯುರಿಟಿ ಎಂಬ ಕೋಣೆಯಲ್ಲಿ ಒಂದೊಂದೇ ದೀಪ ಆರಿಸುತ್ತ ಬಂದೆ. ಜಾಹೀರಾತು ಸಂಖ್ಯೆ, ನಾನು ಇರುವ ಸ್ಥಳ, ಟೈಪು ಮಾಡುವ ರೀತಿ, ಐಚ್ಛಿಕ ಮಾಹಿತಿ. ಸ್ಟಾರ್ಟ್ ಪಟ್ಟಿಯ ಶಿಫಾರಸನ್ನು ಪರ್ಸನಲೈಸೇಷನ್ ಎಂಬ ಇನ್ನೊಂದು ಕೋಣೆಯಲ್ಲಿ ಆರಿಸಬೇಕು. ಆರಿಸಲು ಬರುತ್ತದೆ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಹಚ್ಚಲು ಒಂದು ನಿಮಿಷ ಹಿಡಿದದ್ದನ್ನು ಆರಿಸಲು ಮುಕ್ಕಾಲು ತಾಸು ಹಿಡಿಯಿತು ಎಂಬುದನ್ನೂ ಹೇಳುತ್ತೇನೆ. ಕೊನೆಗೆ ವನ್‌ಡ್ರೈವ್ ಎಂಬುದರ ಮುಂದೆ ನಿಂತೆ. ಯಂತ್ರ ಸುಟ್ಟರೂ ಕಡತ ಉಳಿಯಲೆಂದು ಅವನ್ನು ದೂರದ ಸಂಗ್ರಹಕ್ಕೆ ನಕಲು ಮಾಡುವ ಏರ್ಪಾಡು ಅದು. ಸದುದ್ದೇಶದ್ದೇ. ನಮ್ಮ ಸಂಘದ ಕೋಷ್ಟಕವನ್ನು ಹೊಸ ಯಂತ್ರಕ್ಕೆ ಇನ್ನೂ ಹಾಕಿರಲಿಲ್ಲ. ಇಸ್ಪೀಟು, ಔಷಧ, ತವರಿನ ಹಣ ಎಲ್ಲವೂ ಹಳೆಯ ಪೆಟ್ಟಿಗೆಯಲ್ಲೇ ಇದ್ದವು. ಕಂಪನಿಯವರು ನಮ್ಮ ಓಣಿಯ ಕಷ್ಟಗಳನ್ನು ಕುಳಿತು ಓದುತ್ತಾರೆಂದು ನನಗೆ ಅನ್ನಿಸಿಲ್ಲ. ನನ್ನ ಮನಸ್ಸಿಗೆ ಚುಚ್ಚಿದ್ದು ಬೇರೆ. 2016ರಲ್ಲಿ ಹ್ಞೂಂ ಎಂದಾಗ ಯಾವುದಕ್ಕೆ ಎಂದು ನನಗೇ ಗೊತ್ತಿರಲಿಲ್ಲ. ನನಗೆ ಗೊತ್ತಿಲ್ಲದ್ದಕ್ಕೆ ಆ ಹದಿನೇಳು ಜನರನ್ನೂ ಒಪ್ಪಿಸಿಬಿಟ್ಟಿದ್ದೆ, ನಮ್ಮಪ್ಪ ಮಾಡಿದ ಹಾಗೆ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ್ದು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ. ಆ ಮೊಕದ್ದಮೆಯಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದರು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. 2023ರಲ್ಲಿ ಬಂದ ಮಾಹಿತಿ ರಕ್ಷಣೆಯ ಕಾಯಿದೆ, ಒಪ್ಪಿಗೆ ಎಂಬುದು ಮುಕ್ತವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು, ಷರತ್ತಿಲ್ಲದ್ದಾಗಿರಬೇಕು, ಸ್ಪಷ್ಟ ಕ್ರಿಯೆಯಿಂದ ತೋರಿದ್ದಾಗಿರಬೇಕು ಎನ್ನುತ್ತದೆ. ಏನು ಕೇಳುತ್ತಿದ್ದೇವೆ ಎಂಬುದನ್ನು ಬೇಕೆಂದವರಿಗೆ ಕನ್ನಡದಲ್ಲೂ ಓದಲು ಕೊಡಬೇಕಂತೆ. ನಿಯಮಗಳು 2025ರ ನವೆಂಬರಿನಲ್ಲಿ ಬಂದವು. ಮುಖ್ಯವಾದ ಕಟ್ಟಳೆಗಳಿಗೆ ಅಲ್ಲಿಂದ ಒಂದೂವರೆ ವರ್ಷದ ಗಡುವು ಇಟ್ಟಿದ್ದಾರೆ.

ನನಗೆ ಅಷ್ಟು ಗಡುವು ಇರಲಿಲ್ಲ. ದೀಪಾವಳಿ ಮುಗಿದ ಮೊದಲ ಸಭೆಯಲ್ಲಿ ಎಲ್ಲವನ್ನೂ ಹೇಳಿದೆ. ಕಾರಣ ಬರೆದಿಟ್ಟದ್ದು, ಎಲ್ಲಿ ಬರೆದದ್ದು, ಯಾಕೆ ಬರೆದದ್ದು. ಪಡಸಾಲೆ ಗಪ್ಪಾಯಿತು. ಮಗಳ ಔಷಧಕ್ಕೆ ಸಾಲ ಪಡೆದಾಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, "ನಾ ನಿಮಗ ಹೇಳಿದ್ದೆರಿ ಅಕ್ಕಾರ, ಮಷೀನಿಗೆ ಹೇಳಿದ್ದಿಲ್ಲ" ಎಂದಳು. ಅದಕ್ಕೆ ಏನೆಂದು ಉತ್ತರ ಕೊಡಲಿ? ತಪ್ಪಾಯಿತು ಎಂದೆ. ಆಕೆ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ಆಮೇಲೆ ಒಬ್ಬೊಬ್ಬರನ್ನೇ ಅಡುಗೆಮನೆಗೆ ಕರೆದು ಕೇಳಿದೆ. ಎಲ್ಲರ ಮುಂದೆ ಕೇಳಿದರೆ ಬೇಡ ಎನ್ನುವುದು ಕಷ್ಟ ಎಂಬುದು ನನಗೆ ಗೊತ್ತಿತ್ತು. "ಬರೀಬ್ಯಾಡ್ರಿ ಅಂದ್ರೂ ನಿನ್ನ ಸಾಲಕ್ಕೇನೂ ಆಗಂಗಿಲ್ಲವಾ" ಎಂದು ಮೊದಲೇ ಹೇಳಿ ಕೇಳಿದೆ. ಒಂಬತ್ತು ಜನ ಬರೆಯಿರಿ, ನಮ್ಮದೇನು ಮುಚ್ಚುಮರೆ ಎಂದರು. ಐದು ಜನ ಬೇಡ ಎಂದರು. ಅದರಲ್ಲಿ ಇಬ್ಬರು ನಾನು ಎಂದೂ ಊಹಿಸದವರು, ಅವರ ಕಾರಣ ಬರೀ ಹೊಲಿಗೆ ಯಂತ್ರ ಮತ್ತು ಎಮ್ಮೆ. ಉಳಿದ ಮೂವರು ತಲೆ ತಗ್ಗಿಸಿ ಸುಮ್ಮನೆ ನಿಂತರು. ಔಷಧದಾಕೆಯೂ ಅವರಲ್ಲೊಬ್ಬಳು.

ಹಳೆಯ ಪೆಟ್ಟಿಗೆಯಿಂದ ಕೋಷ್ಟಕವನ್ನು ಅಳಿಸಿದೆ. ಹೊಸದರಲ್ಲಿ ಒಂಬತ್ತು ಸಾಲಿಗೆ ಕಾರಣ ತುಂಬಿದೆ. ಬೇಡವೆಂದ ಐವರ ಮುಂದೆ 'ಮನೆಖರ್ಚು' ಎಂದೆ. ಸುಮ್ಮನೆ ನಿಂತ ಮೂವರ ಮುಂದೆಯೂ ಅದನ್ನೇ ಬರೆದೆ.