ಮುನಿಸಿಕೊಂಡವನ ಜಾಗ

ಕರುಣ್ ನಾಯರ್ ಅವರನ್ನು 2022ರಲ್ಲಿ ಕರ್ನಾಟಕ ತಂಡ ಕೈಬಿಟ್ಟದ್ದು ಸರಿಯೋ ತಪ್ಪೋ ಎಂಬುದು ನಮ್ಮ ಸಿಂಗಟಾಲೂರಿನಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣವನ್ನು ಕಣ್ಣಾರೆ ಕಂಡವರು ಇಲ್ಲಿ ಕೆಲವರೇ. ಆದರೂ ಚಹಾದಂಗಡಿಯ ಮುಂದೆ ಈ ಮಾತು ಎದ್ದರೆ ಕೈಯಲ್ಲಿದ್ದ ಚಹಾ ಆರಿಹೋಗುವವರೆಗೂ ನಿಲ್ಲುವುದಿಲ್ಲ. "ಮುನ್ನೂರು ಹೊಡದಾವನ್ನ ಹಿಂಗ ಹೊರಗ ಹಾಕ್ತಾರೇನ್ರೀ?" ಎಂದು ಒಬ್ಬರು. "ಮುನ್ನೂರು ಹೊಡದದ್ದು ಯಾವಾಗ ಕಾಕಾ? ಹೊಸಾ ಹುಡುಗೂರು ಎಷ್ಟ್ ದಿನ ಕಾಯಬೇಕು?" ಎಂದು ಇನ್ನೊಬ್ಬ. ಇಬ್ಬರ ದನಿಯೂ ಏರುತ್ತದೆ. ಇಬ್ಬರಿಗೂ ಕರುಣ್ ಮೇಲೆ ಪ್ರೀತಿ ಇದೆ ಎಂಬುದು ಕೇಳಿದವರಿಗೆ ತಿಳಿಯುತ್ತದೆ.

ಈ ಸಲ ಆ ವಾದಕ್ಕೆ ನಮ್ಮೂರಿನದೇ ಒಂದು ಕಾರಣ ಸೇರಿಕೊಂಡಿದೆ. ಎರಿಹೊಲಗಳಲ್ಲಿ ಕಡಲೆ ಕಿತ್ತು, ಜೋಳ ಕೊಯ್ದು ನೆಲ ಬಯಲಾದ ಮೇಲೆ ಸುತ್ತಲ ಊರುಗಳಲ್ಲಿ ಟೆನಿಸ್ ಬಾಲ್ ಟೂರ್ನಿಗಳು ಶುರುವಾಗುತ್ತವೆ. ನಮ್ಮೂರ ತಂಡದಲ್ಲಿ ಬಹಳ ವರ್ಷಗಳಿಂದ ಮೊದಲ ಚೆಂಡು ಎದುರಿಸುತ್ತಿದ್ದವನು ಒಬ್ಬನೇ. ಪಿಚ್ ಮಾಡುವವನೂ ಅವನೇ. ಹಿಂದಿನ ದಿನ ಟ್ಯಾಂಕರಿನಲ್ಲಿ ನೀರು ತರಿಸಿ, ಎರೆಮಣ್ಣು ಎಷ್ಟು ಕುಡಿಯಬೇಕೋ ಅಷ್ಟು ಕುಡಿಸಿ, ಬಿರುಕು ಬಾಯಿ ಬಿಡುವ ಮೊದಲೇ ರೋಲರ್ ಎಳೆಸುತ್ತಿದ್ದ. ಹಸಿ ಹೆಚ್ಚಾದರೆ ಚೆಂಡು ಏಳುವುದಿಲ್ಲ, ಒಣಗಿದರೆ ಎಲ್ಲಿ ಬಿದ್ದು ಎಲ್ಲಿಗೆ ಹೋಗುತ್ತದೋ ಹೇಳಲಾಗುವುದಿಲ್ಲ. ಹೆಬ್ಬೆರಳಿನಿಂದ ನೆಲ ಒತ್ತಿ ನೋಡಿ ಅವನು ಹೇಳುತ್ತಿದ್ದ ಸಮಯ ತಪ್ಪಿದ್ದನ್ನು ನಾನು ಕಂಡಿಲ್ಲ. ಹೋದ ವರ್ಷ ಅವನನ್ನು ಏಳನೆಯವನಾಗಿ ಆಡಿಸಿದರು. ಅಂದಿನಿಂದ ಅವನು ಹುಡುಗರ ಮೀಟಿಂಗಿಗೆ ಬರುವುದಿಲ್ಲ. ಆಟ ಇದ್ದಾಗ ಬೌಂಡರಿ ಗೆರೆಯ ಆಚೆ ನಿಂತು ನೋಡುತ್ತಾನೆ. ಸಿಕ್ಕವರ ಮುಂದೆ, "ನಾನೇನ ಬ್ಯಾಡಾದ್ನಾ?" ಎನ್ನುತ್ತಾನೆ.

ಅವನನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂದು ಹುಡುಗರು ಹೊಡೆದಾಡುವ ಮಟ್ಟಕ್ಕೆ ಬಂದಿದ್ದಾರೆ. ಎರಡೂ ಕಡೆಯವರು ಕರುಣ್ ನಾಯರ್ ಅವರನ್ನೇ ಸಾಕ್ಷಿಗೆ ಕರೆಯುತ್ತಾರೆ.

ಇಟ್ಟುಕೊಳ್ಳಬೇಕು ಅನ್ನುವವರಿಗೆ ಸಾಕ್ಷಿ ಹೇರಳವಾಗಿದೆ. 2014-15ರ ರಣಜಿ ಫೈನಲ್‌ನಲ್ಲಿ ತಮಿಳುನಾಡಿನ ಎದುರು 84ಕ್ಕೆ ಐದು ವಿಕೆಟ್ ಬಿದ್ದಾಗ ಕೆ.ಎಲ್. ರಾಹುಲ್ ಜೊತೆ 386 ರನ್ ಸೇರಿಸಿ, 328 ಹೊಡೆದ ಹುಡುಗ ಅವರು. 2016ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303. ಅಂಥವರನ್ನು ಕರ್ನಾಟಕ ಬಿಟ್ಟಿತು. ಕ್ರಿಕೆಟ್ಟಿನ ಹತ್ತಿರವೇ ಇನ್ನೊಂದು ಅವಕಾಶ ಬೇಡಿಕೊಂಡು 2022ರ ಡಿಸೆಂಬರ್‌ನಲ್ಲಿ ಅವರು ಟ್ವಿಟರ್‌ನಲ್ಲಿ ಬರೆದದ್ದನ್ನು ಓದಿ ಕಣ್ಣೊರೆಸಿಕೊಂಡವರು ನಮ್ಮೂರಲ್ಲೂ ಇದ್ದಾರೆ. ಆಮೇಲೆ ವಿದರ್ಭ ಸೇರಿದರು. 2024ರ ಫೆಬ್ರುವರಿಯಲ್ಲಿ ನಾಗಪುರದ ಕ್ವಾರ್ಟರ್ ಫೈನಲ್‌ನಲ್ಲಿ ಕರ್ನಾಟಕದ ಎದುರೇ 90 ಹೊಡೆದರು, ಕರ್ನಾಟಕ ಸೋತಿತು. ಮರುವರ್ಷ ವಿದರ್ಭ ರಣಜಿ ಗೆದ್ದಿತು. ಕೇರಳದ ಎದುರಿನ ಆ ಫೈನಲ್‌ನಲ್ಲಿ ಅವರದು 86 ಮತ್ತು 135. ಅದೇ ವರ್ಷ ಕರ್ನಾಟಕ ನಾಕೌಟ್ ಹಂತವನ್ನೂ ಮುಟ್ಟಲಿಲ್ಲ.

ಬಿಡಬೇಕು ಅನ್ನುವವರೂ ಸುಮ್ಮನಿರುವುದಿಲ್ಲ. ಅದೇ ಹಂಗಾಮಿನ ವಿಜಯ್ ಹಜಾರೆ ಟೂರ್ನಿಯಲ್ಲಿ ಕರುಣ್ ಐದು ಶತಕ ಸೇರಿ 779 ರನ್ ಹೊಡೆದರು, ನಿಜ. ಆದರೆ 2025ರ ಜನವರಿ 18ರಂದು ವಡೋದರದ ಫೈನಲ್‌ನಲ್ಲಿ ಗೆದ್ದವರು ಯಾರು? ಅವರಿಲ್ಲದ ಕರ್ನಾಟಕ, 36 ರನ್‌ಗಳಿಂದ. 27 ರನ್ನಿಗೆ ಕರುಣ್ ಅವರ ಸ್ಟಂಪ್ ಹಾರಿಸಿದವರು ಬೆಂಗಳೂರಿನ ಪ್ರಸಿದ್ಧ್ ಕೃಷ್ಣ. ಶತಕ ಹೊಡೆದವರು ಇಪ್ಪತ್ತೊಂದರ ಆಸುಪಾಸಿನ ಆರ್. ಸ್ಮರಣ್. ಹಿರಿಯರೆಲ್ಲ ಜಾಗ ಹಿಡಿದು ಕೂತಿದ್ದರೆ ಸ್ಮರಣ್ ಎಲ್ಲಿರುತ್ತಿದ್ದರು?

ಆರ್‌ಸಿಬಿಯವರದೂ ಇದೇ ಕಥೆ. ಏಳು ವರ್ಷ ಆಡಿದ ಸಿರಾಜ್ ಅವರನ್ನು ಉಳಿಸಿಕೊಳ್ಳಲಿಲ್ಲ. 2025ರ ಏಪ್ರಿಲ್ 2ರಂದು ಅವರು ಗುಜರಾತ್ ಪರವಾಗಿ ಅದೇ ಚಿನ್ನಸ್ವಾಮಿಗೆ ಬಂದು 19 ರನ್ನಿಗೆ ಮೂರು ವಿಕೆಟ್ ತೆಗೆದು ಆರ್‌ಸಿಬಿಯನ್ನು ಸೋಲಿಸಿದರು. "ನೋಡಿದ್ರ್ಯಾ?" ಎಂದರು ಒಂದು ಕಡೆಯವರು. ಎರಡು ತಿಂಗಳಿಗೆ, ಜೂನ್ 3ರಂದು, ಆರ್‌ಸಿಬಿ ಹದಿನೆಂಟು ವರ್ಷ ಕಾದ ಕಪ್ ಎತ್ತಿತು. "ಈಗ ನೋಡ್ರಿ" ಎಂದರು ಇನ್ನೊಂದು ಕಡೆಯವರು.

ಸ್ಕೋರು ಇಬ್ಬರಿಗೂ ಸಾಕ್ಷಿ ಹೇಳುತ್ತದೆ, ಹಾಗಾಗಿ ಯಾರ ಪರವಾಗಿಯೂ ತೀರ್ಪು ಕೊಡಲಾರದು. ಹಿರಿಯನೊಬ್ಬನನ್ನು ಬಿಟ್ಟದ್ದು ಸರಿಯೇ ಎಂಬುದನ್ನು ಅವನು ಆಮೇಲೆ ಎಷ್ಟು ಹೊಡೆದ ಎಂಬುದರಿಂದ ಅಳೆಯುವವರೆಗೂ ಈ ವಾದ ಮುಗಿಯುವುದಿಲ್ಲ. ಅದಕ್ಕಿಂತ ನನ್ನನ್ನು ಕಾಡುವುದು ಬೇರೊಂದು ಸಂಗತಿ. ಇಷ್ಟು ಹೊತ್ತು ಅವನ ಬಗ್ಗೆ ಮಾತಾಡುವ ನಾವು ಅವನ ಜೊತೆ ಮಾತಾಡಿದ್ದೇವೆಯೇ?

ನಮ್ಮ ಹುಡುಗರ ಒಂದು ಮಾತನ್ನು ನಾನು ಒಪ್ಪಲಾರೆ. "ಮುನಿಸಿಕೊಂಡಾವ ಟೀಮಿನ್ಯಾಗ ಇದ್ರ ಟೀಮೇ ಕೆಡತೈತಿ" ಎನ್ನುತ್ತಾರೆ. ತಂಡದ ಮನಸ್ಸು ಕೆಡುವುದುಂಟು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮುನಿಸನ್ನೇ ದ್ರೋಹ ಎಂದು ಎಣಿಸುವುದು ಅನ್ಯಾಯ. ಸಂಬಂಧ ಹರಿದುಕೊಂಡವನು ಮುನಿಸಿಕೊಳ್ಳುವುದಿಲ್ಲ, ಎದ್ದು ಹೋಗುತ್ತಾನೆ. ಗೆರೆಯ ಆಚೆ ನಿಂತಾದರೂ ಪ್ರತಿ ಓವರ್ ನೋಡುವವನು, ನಮ್ಮ ಹುಡುಗ ಕ್ಯಾಚ್ ಬಿಟ್ಟಾಗ ತನ್ನ ಕೈಯನ್ನೇ ತೊಡೆಗೆ ಬಡಿದುಕೊಳ್ಳುವವನು ಇನ್ನೂ ತಂಡದವನೇ. ಆಡುವ ಹನ್ನೊಂದು ಜನರಲ್ಲಿ ಕೆಲವರಿಗಿಂತ ಹೆಚ್ಚಾಗಿಯೇ ತಂಡದವನು.

ಹಾಗೆಂದು ಅವನ ಹಳೆಯ ಜಾಗವನ್ನು ಅವನಿಗೇ ಕೊಡಬೇಕು ಎಂದು ನಾನು ಹೇಳುತ್ತಿಲ್ಲ. ಓಪನಿಂಗ್ ಆಡುವುದು ಯಾರಿಗೂ ಬರೆದುಕೊಟ್ಟ ಹೊಲವಲ್ಲ. ಕಣ್ಣು, ಕಾಲು ನಿಧಾನವಾದದ್ದು ನಮಗೆಲ್ಲ ಕಾಣುತ್ತಿದೆ. ಹದಿನೆಂಟರ ಹುಡುಗನೊಬ್ಬ ಪ್ಯಾಡು ಕಟ್ಟಿಕೊಂಡು ವರ್ಷಗಟ್ಟಲೆ ಕೂತಿರುವುದೂ ಕಾಣುತ್ತಿದೆ. ಆ ಹುಡುಗನ ಮುನಿಸಿಗೂ ಬೆಲೆ ಇದೆ. ಹಿರಿಯನಿಗೆ ತಂಡ ಜಾಗದ ಸಾಲಗಾರನಲ್ಲ. ಆದರೆ ಮಾತಿನ ಸಾಲಗಾರ ಹೌದು. ಏನು ನಿರ್ಧಾರ ಮಾಡಿದ್ದೇವೆ, ಯಾಕೆ ಮಾಡಿದ್ದೇವೆ ಎಂಬುದನ್ನು ಅವನ ಎದುರು ಕೂತು, ಅವನು ಬೇರೆಯವರ ಬಾಯಿಂದ ಕೇಳುವ ಮೊದಲು ಹೇಳಬೇಕಾದ ಸಾಲ ಅದು. ನಾವು ತೀರಿಸದೆ ಉಳಿಸಿಕೊಳ್ಳುವುದು ಅದನ್ನೇ.

ದೊಡ್ಡ ಮಟ್ಟದಲ್ಲೂ ನಡೆಯುವುದು ಹೀಗೆಯೇ. 2018ರ ಇಂಗ್ಲೆಂಡ್ ಪ್ರವಾಸದಲ್ಲಿ ಕರುಣ್ ಮೊದಲಿನಿಂದ ತಂಡದಲ್ಲಿದ್ದರು. ಒಂದೂ ಟೆಸ್ಟ್ ಆಡಿಸಲಿಲ್ಲ. ನಡುವೆ ಕರೆಸಿಕೊಂಡ ಹನುಮ ವಿಹಾರಿಗೆ ಓವಲ್‌ನಲ್ಲಿ ಅವಕಾಶ ಸಿಕ್ಕಿತು. ಅದಾದ ಮೇಲಿನ ಸರಣಿಗೆ ಕರುಣ್ ಹೆಸರೇ ಇರಲಿಲ್ಲ. ತನ್ನ ಜೊತೆ ಯಾರೂ ಮಾತಾಡಿರಲಿಲ್ಲ ಎಂದು ಅವರು ಹೇಳಿದರು. ತಾವು ಮಾತಾಡಿದ್ದೇವೆ ಎಂದು ಆಗಿನ ಮುಖ್ಯ ಆಯ್ಕೆಗಾರ ಎಂ.ಎಸ್.ಕೆ. ಪ್ರಸಾದ್ ಹೇಳಿದರು. ಯಾರು ಸರಿ ಎಂದು ಹೊರಗಿನ ನಾವು ತೀರ್ಮಾನಿಸಲು ಹೋಗಬಾರದು. ಆದರೆ ಆಡಿದ ಮಾತು ಕೇಳಬೇಕಾದವನಿಗೆ ಮುಟ್ಟಲಿಲ್ಲ ಎಂಬುದಂತೂ ಸ್ಪಷ್ಟ. ತಂಡದಿಂದ ಹೊರಗೆ ಉಳಿದ ನೋವಿನ ಮೇಲೆ, ತನ್ನ ತಪ್ಪೇನು ಎಂದು ರಾತ್ರಿಯೆಲ್ಲ ತಾನೇ ಹುಡುಕಿಕೊಳ್ಳಬೇಕಾದ ನೋವನ್ನೂ ನಾವು ಹೇರುತ್ತೇವೆ. ಹಿಂದಿನ ಟೆಸ್ಟ್ ಆಡಿದ ಎಂಟು ವರ್ಷಗಳ ಮೇಲೆ, 2025ರಲ್ಲಿ, ಕರುಣ್ ಮತ್ತೆ ಭಾರತದ ಟೆಸ್ಟ್ ತಂಡದಲ್ಲಿ ಆಡಿದರು. ಇಂಗ್ಲೆಂಡಿನಲ್ಲಿ ಒಂದೇ ಅರ್ಧಶತಕ ಬಂತು. ಅವರನ್ನು ಕೈಬಿಟ್ಟಾಗ ಮುಖ್ಯ ಆಯ್ಕೆಗಾರರಾಗಿದ್ದ ಅಜಿತ್ ಅಗರ್ಕರ್, ಇನ್ನೂ ಹೆಚ್ಚು ನಿರೀಕ್ಷಿಸಿದ್ದೆವು ಎಂದು ಬಹಿರಂಗವಾಗಿಯೇ ಹೇಳಿದರು. ಕಠಿಣವಾದ ಮಾತು. ಒಪ್ಪದವರು ಬಹಳ ಮಂದಿ. ಆದರೂ ಅದು ಎದುರು ನಿಂತು ವಾದಿಸಬಹುದಾದ ಮಾತು. ಮೌನದ ಜೊತೆ ಯಾರು ವಾದಿಸಿಯಾರು?

ನಮ್ಮ ಗದಗಿನ ಸುನಿಲ್ ಜೋಶಿ ನೆನಪಾಗುತ್ತಾರೆ. ಹುಡುಗನಾಗಿದ್ದಾಗ ನಸುಕಿನಲ್ಲೇ ಗದಗಿನಿಂದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮುಗಿಸಿ, ಶಾಲೆಯ ಹೊತ್ತಿಗೆ ಮರಳಿ ಬರುತ್ತಿದ್ದವರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ ಹತ್ತು ಓವರ್‌ಗಳಲ್ಲಿ ಆರೇ ರನ್ ಕೊಟ್ಟು ಐದು ವಿಕೆಟ್ ತೆಗೆದದ್ದನ್ನು ಮುಂಡರಗಿ ಕಡೆಯ ಹಿರಿಯರು ಈಗಲೂ ಬೆರಳು ಮಡಚಿ ಹೇಳುತ್ತಾರೆ. 2000ದ ನವೆಂಬರ್‌ನಲ್ಲಿ ಢಾಕಾದಲ್ಲಿ, ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟ್‌ನಲ್ಲಿ, 92 ರನ್ನೂ ಒಂದೇ ಇನಿಂಗ್ಸ್‌ನಲ್ಲಿ ಐದು ವಿಕೆಟ್ಟೂ ಅವರದೇ. ಆ ಹಂಗಾಮು ಮುಗಿಯುವಷ್ಟರಲ್ಲಿ ಅವರ ಟೆಸ್ಟ್ ಬದುಕೂ ಮುಗಿದಿತ್ತು. ಆಮೇಲೆ ಸುಮಾರು ಹತ್ತು ವರ್ಷ ಅವರು ದೇಶೀಯ ಕ್ರಿಕೆಟ್ಟಿನಲ್ಲೇ ಬೌಲಿಂಗ್ ಮಾಡಿದರು. ಪ್ರಥಮ ದರ್ಜೆಯಲ್ಲಿ 615 ವಿಕೆಟ್. ಮುಂದೆ ಕೋಚ್ ಆದರು, 2020ರಲ್ಲಿ ರಾಷ್ಟ್ರೀಯ ಆಯ್ಕೆ ಸಮಿತಿಗೆ ಅಧ್ಯಕ್ಷರೂ ಆದರು. ಕರೆ ಬಾರದ ದಿನಗಳನ್ನು ತಾನೇ ಉಂಡವರ ಕೈಗೆ ಪಟ್ಟಿ ಬರೆಯುವ ಪೆನ್ನು ಸಿಕ್ಕಿತು ಎಂಬುದು ನನಗೆ ಸಮಾಧಾನದ ಸಂಗತಿ.

ಹೊಳೆಯ ಆಚೆ ಕಡೆಯ ದಾವಣಗೆರೆಯ ವಿನಯ್ ಕುಮಾರ್ ಅವರ ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಈಗಲೂ ಸಮಾಧಾನಗೊಂಡಿಲ್ಲ. 2013-14, 2014-15 ಎರಡೂ ಹಂಗಾಮುಗಳಲ್ಲಿ ರಣಜಿ, ಇರಾನಿ, ವಿಜಯ್ ಹಜಾರೆ ಮೂರೂ ಕಪ್‌ಗಳನ್ನು ತಂದ ನಾಯಕ. ಕರುಣ್ 328 ಹೊಡೆದ ಆ ಫೈನಲ್‌ನಲ್ಲಿ ತಾನೂ ಶತಕ ಬಾರಿಸಿ, ತಮಿಳುನಾಡಿನ ಐದು ವಿಕೆಟ್ ಕಿತ್ತವರು. ಅಂಥವರು 2019ರಲ್ಲಿ ಕರ್ನಾಟಕ ಬಿಟ್ಟು ಪುದುಚೇರಿಗೆ ಆಡಲು ಹೋದರು. ಹೋಗಬಾರದಿತ್ತು ಎನ್ನಲು ನನಗೆ ಹಕ್ಕಿಲ್ಲ. ಆದರೆ ಅಷ್ಟು ಕಪ್ ಎತ್ತಿದವರ ಕೊನೆಯ ಪಂದ್ಯಕ್ಕೆ ರಾಜ್ಯವೇ ಎದ್ದು ನಿಂತು ಚಪ್ಪಾಳೆ ಹೊಡೆಯಬೇಕಿತ್ತು. ಅಭಿಮಾನಿಗಳಾದ ನಮಗೆ ಅದು ತಪ್ಪಿತು, ನಾವು ಅದನ್ನು ಕೇಳಲೂ ಇಲ್ಲ.

ವಯಸ್ಸಾದವನಿಗೆ ಜಾಗ ಹೇಗೆ ಬದಲಾಗಬೇಕು ಎಂಬುದನ್ನು ನಮ್ಮ ಕಡೆಯ ವೀರಭದ್ರ ದೇವರ ಗುಗ್ಗಳದಲ್ಲಿ ನೋಡಬಹುದು. ಕತ್ತಿ ಹಿಡಿದು ಕುಣಿಯುವವರು ಎಳೆಯ ಪುರವಂತರು. ಮಂಡಿ ಸೋತ ಹಿರಿಯ ಪುರವಂತ ಅವರ ಪಕ್ಕದಲ್ಲೇ ನಡೆಯುತ್ತಾನೆ. ಒಡಪು ಹೇಳುವ ಹೊತ್ತು ಬಂದಾಗ ಅವನು ಬಾಯಿ ತೆರೆದರೆ ಸಮಾಳದ ಸದ್ದೂ ತಗ್ಗುತ್ತದೆ. ಅವನಿಗೆ ಕರುಣೆಯಿಂದ ಕೊಟ್ಟ ಜಾಗ ಅಲ್ಲ ಅದು. ಅಷ್ಟು ಒಡಪು ಬಲ್ಲವರು ಬೇರೆ ಯಾರೂ ಇಲ್ಲದ್ದರಿಂದ ಅವನು ಅಲ್ಲಿರುತ್ತಾನೆ.

ಕರುಣ್ ಕಥೆಗೆ ಒಂದು ಒಳ್ಳೆಯ ಭಾಗವೂ ಇದೆ, ವಾದದ ಬಿಸಿಯಲ್ಲಿ ಅದನ್ನು ಯಾರೂ ಎತ್ತುವುದಿಲ್ಲ. 2025-26ರ ಹಂಗಾಮಿಗೆ ಅವರು ಕರ್ನಾಟಕಕ್ಕೆ ಮರಳಿದರು. ಅಕ್ಟೋಬರ್‌ನಲ್ಲಿ ಶಿವಮೊಗ್ಗದ ನವುಲೆ ಮೈದಾನದಲ್ಲಿ ಗೋವಾದ ಎದುರು ಔಟಾಗದೆ 174. ಮುಂದಿನ ತಿಂಗಳು ಕೇರಳದ ನೆಲದಲ್ಲಿ ಅವರು 233 ಹೊಡೆದರು, ಸ್ಮರಣ್ ಔಟಾಗದೆ 220. ಹಿರಿಯನೋ ಹೊಸಬನೋ ಎಂದು ನಾವು ಇಲ್ಲಿ ಕೂಗಾಡುತ್ತಿದ್ದ ಇಬ್ಬರೂ ಅಲ್ಲಿ ಒಂದೇ ಪಿಚ್ಚಿನ ಎರಡು ತುದಿಯಲ್ಲಿ ನಿಂತು ಮುನ್ನೂರಕ್ಕೂ ಹೆಚ್ಚು ರನ್ ಸೇರಿಸಿದರು. ಒಬ್ಬನನ್ನು ತಂದರೆ ಇನ್ನೊಬ್ಬನನ್ನು ಕಳೆದುಕೊಳ್ಳಲೇಬೇಕು ಎಂಬ ನಮ್ಮ ಲೆಕ್ಕ ಎಲ್ಲ ಸಲವೂ ಸರಿಯಾಗಿರುವುದಿಲ್ಲ. ಹೊರಗೆ ಕಳಿಸುವಾಗ ಬಾಗಿಲಿಗೆ ಚಿಲಕ ಹಾಕಬಾರದು, ಹೋಗುವವನೂ ಬೆಂಕಿ ಇಟ್ಟು ಹೋಗಬಾರದು. ಕರುಣ್ ಹಾಗೆ ಹೋಗಲಿಲ್ಲ. ವಿದರ್ಭಕ್ಕೆ ಆಡುತ್ತಿದ್ದ ವರ್ಷಗಳಲ್ಲೂ ಮಹಾರಾಜ ಟ್ರೋಫಿಯಲ್ಲಿ ಮೈಸೂರು ತಂಡವನ್ನು ಮುನ್ನಡೆಸಿದರು. 2023ರ ಫೈನಲ್‌ನಲ್ಲಿ ನಮ್ಮ ಹುಬ್ಬಳ್ಳಿಯವರಿಗೇ ಸೋತರು, 2024ರಲ್ಲಿ ಗೆದ್ದರು.

ನಮ್ಮ ತಂಡದ ನಾಯಕ ಇನ್ನೂ ಕಾಲೇಜು ಮುಗಿಸದ ಹುಡುಗ. ಚಹಾದಂಗಡಿಯಲ್ಲಿ ನಿರ್ಧಾರ ಮಾಡಬೇಡಿ, ಇಬ್ಬರು ಆ ಮುನಿಸಿಕೊಂಡವನ ಮನೆಗೆ ಹೋಗಿ ಎಂದು ನಾನು ಹೇಳಿದೆ. ಮೊಬೈಲಿನಲ್ಲಿ ಮೆಸೇಜು ಹಾಕುವುದೂ ಬೇಡ ಅಂದೆ. ಪಿಚ್ ಅವನ ಕೈಯಲ್ಲೇ ಇರಲಿ, ಹೊಸ ಓಪನರ್ ಹುಡುಗನನ್ನು ಅವನ ಹತ್ತಿರವೇ ಬಿಡಿ, ಸ್ವಿಂಗ್ ಆಗುವ ಟೇಪಿನ ಚೆಂಡನ್ನು ಬಿಡುವುದು ಹೇಗೆ ಎಂದು ಕಲಿಸಬಲ್ಲವನು ಅವನೊಬ್ಬನೇ ಎಂದೂ ಹೇಳಿದೆ.

ಹುಡುಗ ಸ್ವಲ್ಪ ಹೊತ್ತು ನೆಲ ನೋಡಿದ. "ಅಣ್ಣಾರಿಗೆ ಸಿಟ್ಟು ಬಂದ್ರ, ಕಾಕಾ?"

"ಬರಲಿ. ಎದುರಿಗೇ ಬೈಲಿ. ಕೂತು ಕೇಳ್ಕೊಂಡು ಬಾ."

"ಹಂಗಂದ್ರ, ಪಿಚ್ ನೀವ ನೋಡಕೋಬೇಕು ಅಂತ ಮೊದಲ ಹೇಳಲ್ಯಾ, ಓಪನಿಂಗ್ ಕೊಡಂಗಿಲ್ಲ ಅಂತ ಮೊದಲ ಹೇಳಲ್ಯಾ?"

"ಕೊಡಂಗಿಲ್ಲ ಅನ್ನೂದನ್ನ ಮೊದಲ ಹೇಳು," ಅಂದೆ.