ಹೊಟೇಲಿನಲ್ಲಿ ಉಳಿಸಿದ ಹಣ ಯಾರದು?

ಆಸ್ಪತ್ರೆಗೋ ಕೋರ್ಟಿಗೋ ಕೂಲಿಗೋ ನಮ್ಮ ಹಳ್ಳಿಗಳಿಂದ ಬೆಂಗಳೂರಿಗೆ ಹೋಗದವರು ಈಗ ಕಡಿಮೆ. ಹೋದವರು ಹೊಟ್ಟೆಗೆ ತಿನ್ನಲೇಬೇಕಷ್ಟೆ. ಪಟ್ಟಣದ ದಕ್ಷಿಣ ಭಾಗದಲ್ಲಿ ವಸಂತಪುರ, ಬನಶಂಕರಿ, ಜಯನಗರ ಎಂಬ ಕಡೆಗಳಲ್ಲಿ ಹೊಟೇಲುಗಳಿಗೆ ಲೆಕ್ಕವಿಲ್ಲ. ಅಲ್ಲಿ ಉಣ್ಣುವಾಗ ನಾಲ್ಕು ಕಾಸು ಉಳಿಸುವ ಉಪಾಯವನ್ನು ಎಲ್ಲರೂ ಬಲ್ಲರು. ಉಳಿದದ್ದು ಯಾರ ಕೈಯಿಂದ ಉಳಿಯಿತೆಂದು ಕೇಳುವವರು ಸ್ವಲ್ಪ. ದೇವರ ಮುಂದೆ ವಿಚಾರಿಸತಕ್ಕದ್ದು ಇದೇ.

ತನ್ನ ಸುಖದಿಂದಲೇ ಉಳಿಸುವದರಲ್ಲಿ ದೋಷವಿಲ್ಲ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಪ್ರಾರಂಭವಾದಂದಿನಿಂದ ನಿಂತು ತಿನ್ನುವ ಹೊಟೇಲುಗಳು ಬೀದಿಬೀದಿಗೂ ಹಬ್ಬಿದವು. ಅಲ್ಲಿ ಕುರ್ಚಿಯಿಲ್ಲ, ಬಡಿಸುವವನಿಲ್ಲ, ಸ್ಥಳವೂ ಇಕ್ಕಟ್ಟು. ತಿನ್ನುವವನೇ ತಟ್ಟೆ ಹೊತ್ತುಕೊಳ್ಳುತ್ತಾನೆ, ಆದಕಾರಣ ಬೆಲೆ ಇಳಿಯುತ್ತದೆ. ಇಬ್ಬರು ಒಂದು ಕಾಫಿಯನ್ನು ಎರಡು ಲೋಟಗಳಲ್ಲಿ ಹಂಚಿಕೊಳ್ಳುವ ‘ಬೈ ಟು’ ಎಂಬ ಪದ್ಧತಿಯೂ ಹಾಗೆಯೇ. ಅದು ಕ್ರೈಸ್ತರ ಮಾನಕ್ಕೆ ಕುಂದೆಂದು ಕೆಲವು ಹಿರಿಯರು ಹೇಳುತ್ತಾರೆ. ನಾನು ಒಪ್ಪುವದಿಲ್ಲ. ಯಜಮಾನನು ತಾನಾಗಿ ಎರಡು ಲೋಟ ಕೊಡುತ್ತಾನೆ, ಮರೆಮಾಚಿದ್ದೇನೂ ಇಲ್ಲ. ಅರ್ಧ ಲೋಟ ಕುಡಿದು ಜನ ಕಾಯುತ್ತಿರುವಾಗ ಒಂದು ಘಂಟೆ ಮೇಜು ಬಿಡದವನ ಮಾತು ಬೇರೆ.

ನಮ್ಮ ಕರ್ತನು ಐದು ಸಾವಿರ ಜನರಿಗೆ ಊಟಮಾಡಿಸಿದ ಮೇಲೆ ಮಿಕ್ಕ ತುಂಡುಗಳನ್ನು ಕೂಡಿಸಬೇಕೆಂದು ಶಿಷ್ಯರಿಗೆ ಅಪ್ಪಣೆಕೊಟ್ಟನೆಂದು ಯೋಹಾನನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಓದುತ್ತೇವೆ. ಮಿತವ್ಯಯಕ್ಕೆ ಇದನ್ನು ಎಲ್ಲರೂ ಎತ್ತಿ ತೋರಿಸುತ್ತಾರೆ. ಆದರೆ ಕ್ರಮವನ್ನು ನೋಡಿರಿ: ಮೊದಲು ಎಲ್ಲರಿಗೂ ತೃಪ್ತಿಯಾಯಿತು, ಆಮೇಲೆ ಕೂಡಿಸಿದ್ದು. ತಾನು ಮಸಾಲೆದೋಸೆ ತಿಂದು ಹೆಂಡತಿಗೆ ಬರೀ ಕಾಫಿ ಕೊಡಿಸಿ ಬಸ್ಸು ಹತ್ತಿಸುವ ಗೃಹಸ್ಥನಿಗೆ ಆ ವಚನದ ಆಸರೆ ಸಿಕ್ಕುವದಿಲ್ಲ.

ಬೆಲೆಗೂ ಒಂದು ನೆಲವುಂಟು. 1970ರ ದಶಕದ ತುರ್ತುಪರಿಸ್ಥಿತಿಯಲ್ಲಿ ಸರಕಾರವು ಹೊಟೇಲಿನ ತಿಂಡಿಗಳಿಗೆ ಬಹು ಕಡಿಮೆ ಬೆಲೆ ಗೊತ್ತುಮಾಡಿದಾಗ, ಮಾವಳ್ಳಿಯ ಎಂ.ಟಿ.ಆರ್. ಹೊಟೇಲಿನವರು ಗುಣವನ್ನು ಕೆಡಿಸುವದಕ್ಕಿಂತ ಬಾಗಿಲು ಮುಚ್ಚುವದೇ ಲೇಸೆಂದು ಮುಚ್ಚಿ, ಹಿಟ್ಟು ಮಸಾಲೆಗಳ ವ್ಯಾಪಾರಕ್ಕೆ ತಿರುಗಿದರು. ಎಲ್ಲರೂ ಹೀಗೆ ಮಾಡುವದಿಲ್ಲ. ಬಹಳ ಅಗ್ಗವಾದ ಊಟದ ನಷ್ಟವನ್ನು ಎಣ್ಣೆಯಲ್ಲಿಯೋ, ತಟ್ಟೆ ತೊಳೆಯುವ ಹುಡುಗನ ಸಂಬಳದಲ್ಲಿಯೋ ತುಂಬಿಕೊಳ್ಳುವವರುಂಟು. ಹಿಡಿದಿಟ್ಟ ಕೂಲಿಯ ಕೂಗಿನ ವಿಷಯದಲ್ಲಿ ಯಾಕೋಬನು ತನ್ನ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಬರೆದದ್ದು ಹೊಲಕ್ಕೆ ಮಾತ್ರವೇ ಸಲ್ಲುವದೋ? ಆ ಹುಡುಗರಲ್ಲಿ ನಮ್ಮ ಸಭೆಗಳವರೂ ಇರಬಹುದಷ್ಟೆ. ಬಿಲ್ಲು ಬೇಡ, ತೆರಿಗೆ ಬಿಡು ಎಂದು ಕೇಳುವದೂ ಉಳಿತಾಯವಲ್ಲ. ಸರ್ವೀಸ್ ಚಾರ್ಜಾದರೋ ತೆರಿಗೆಯಲ್ಲ; ಅದನ್ನು ತಾವಾಗಿ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಪ್ರಾಧಿಕಾರವು 2022ರಲ್ಲಿ ಸೂಚಿಸಿತು, ದೆಹಲಿಯ ಹೈಕೋರ್ಟು 2025ರಲ್ಲಿ ಅದನ್ನು ಎತ್ತಿಹಿಡಿಯಿತು. ಬೇಡವೆಂದರೆ ತಪ್ಪಿಲ್ಲ, ಬಡಿಸಿದವನ ಕೈಗೆ ನೇರವಾಗಿ ಹತ್ತು ರೂಪಾಯಿ ಕೊಟ್ಟರೆ ಇನ್ನೂ ಒಳ್ಳೇದು.

ಈಗ ಕಠಿಣವಾದ ಪ್ರಶ್ನೆ. 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನುಗಳು ತೆರೆದವು. ಮೊದಲನೆಯದರ ಉದ್ಘಾಟನೆಯು ಜಯನಗರದಲ್ಲಿಯೇ ಆಯಿತು. ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ. ಮಿಕ್ಕ ಖರ್ಚು ಸರಕಾರದ ಬೊಕ್ಕಸದ್ದು. ಬಾಗಿಲಲ್ಲಿ ಬಡವನೋ ಧನವಂತನೋ ಎಂದು ಯಾರೂ ಕೇಳುವದಿಲ್ಲ. ಹಾಗಾದರೆ ಸೈಟು ಕೊಳ್ಳಲು ಬಂದವನೂ ಅಲ್ಲಿ ಉಂಡು ನೂರು ರೂಪಾಯಿ ಉಳಿಸಬಹುದೋ?

ಕಾನೂನು ತಡೆಯುವದಿಲ್ಲ. ಆದರೆ ಮೋಶೆಯ ಧರ್ಮಶಾಸ್ತ್ರದಲ್ಲಿ ಹೊಲದ ಅಂಚನ್ನು ಪೂರಾ ಕೊಯ್ಯದೆ ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂದಿತ್ತು. ಹಕ್ಕಲಾಯಲು ಬಂದವರ ಮನೆಯ ಕಣಜವನ್ನು ಪರೀಕ್ಷಿಸುವ ಕಾವಲುಗಾರನನ್ನು ಅಲ್ಲಿ ನೇಮಿಸಿರಲಿಲ್ಲ. ರೂತಳು ಬೋವಜನ ಹೊಲಕ್ಕೆ ಹೋದಾಗ, ನೆರೆಯ ಜಮೀನುದಾರನೂ ಬುಟ್ಟಿ ಹಿಡಿದು ಅದೇ ಅಂಚಿಗೆ ಬಂದಿದ್ದರೆ ಏನಾಗುತ್ತಿತ್ತು? ಅವನು ಕಳ್ಳನಲ್ಲ, ಆದರೂ ರೂತಳ ಬುಟ್ಟಿಗೆ ಅಷ್ಟು ಕಡಿಮೆ. ಕ್ಯಾಂಟೀನಿನ ಅನ್ನವೂ ಅಳತೆಯದು. ಹಿಂದೆ ನಿಂತ ಗಾರೆಯವನ ಸರದಿ ಬರುವಷ್ಟರಲ್ಲಿ ಪಾತ್ರೆ ಬರಿದಾದರೆ, ಮುಂದಿನವನ ನೂರು ರೂಪಾಯಿ ಈ ಹಸಿವಿನಿಂದ ಉಳಿದದ್ದೇ ಸರಿ.

ಹೀಗೆಂದು ಊರಿನಲ್ಲಿ ಎರಡೆಕರೆ ಇರುವವರೆಲ್ಲ ಅಲ್ಲಿಗೆ ಹೋಗಬಾರದೆನ್ನುವದು ಕ್ರೂರವಾದೀತು. ಜಯದೇವ ಆಸ್ಪತ್ರೆಯಲ್ಲಿ ತಂದೆಯನ್ನು ಮಲಗಿಸಿ ಹೊರಗೆ ದಿನಗಟ್ಟಲೆ ಕಾಯುವವನಿಗೆ ಹೊಲವಿದ್ದೇನು? ಆ ಹೊತ್ತಿಗೆ ಅವನು ಪರದೇಶಿಯೇ. ಶಾಸ್ತ್ರವು ಬಡವನ ಸಂಗಡ ಪರದೇಶಿಯನ್ನೂ ಹೆಸರಿಸಿತಲ್ಲವೋ? ಅವನು ಆ ಐದು ರೂಪಾಯಿಯ ಇಡ್ಲಿಯನ್ನು ಸಂಕೋಚವಿಲ್ಲದೆ ತಿನ್ನಲಿ. ತಂದೆಗೆ ಗುಣವಾಗಿ, ಮುಂದೆ ರೇಷ್ಮೆಗೂಡು ಮಾರಿದ ಹಣ ಸೊಂಟದಲ್ಲಿಟ್ಟುಕೊಂಡು ಪಟ್ಟಣಕ್ಕೆ ಬಂದ ದಿನ ಅವನಿಗೆ ದರ್ಶಿನಿ ಉಂಟು, ಬೈ ಟು ಕಾಫಿ ಉಂಟು, ಮನೆಯಿಂದ ಕಟ್ಟಿ ತಂದ ಬುತ್ತಿಯೂ ಉಂಟು.