ಕಾಣದ ನಕ್ಷತ್ರದ ಸಾಕ್ಷ್ಯ

ಸೀಫಿಯಸ್ ಪುಂಜದ ಡೆಲ್ಟಾ ನಕ್ಷತ್ರದ ಬೆಳಕು ಐದು ದಿನ ಒಂಬತ್ತು ಗಂಟೆಗೊಮ್ಮೆ ಏರಿ ಇಳಿಯುತ್ತದೆ. ಬರಿಗಣ್ಣಿಗೇ ಗೊತ್ತಾಗುತ್ತದೆ. ಅದನ್ನು ಓದಿ ತಾರಸಿ ಹತ್ತಿದ ಮೊದಲ ವರ್ಷ, ಪಕ್ಕದ ಜೀಟಾ, ಎಪ್ಸಿಲಾನ್‌ಗಳ ಜೊತೆ ಹೋಲಿಸಿ ಹೋಲಿಸಿ, ನೋಟ್‌ಬುಕ್ಕಿನಲ್ಲಿ ಹನ್ನೊಂದು ಸಲ 'ವ್ಯತ್ಯಾಸವಿಲ್ಲ' ಎಂದು ಬರೆದೆ. ಆಮೇಲೆ ಪುಟ ತಿರುವಿದರೆ, ಆ ರಾತ್ರಿಗಳಲ್ಲೆಲ್ಲ ಬೆಳದಿಂಗಳು, ಇಲ್ಲವೇ ತೆಳುಮೋಡ. ಮರುವರ್ಷ ಕಾರ್ತಿಕದ ಅಮಾವಾಸ್ಯೆ ನೋಡಿಕೊಂಡು ಹತ್ತಿದೆ. ನಾಲ್ಕನೇ ರಾತ್ರಿ ಅದು ಎಪ್ಸಿಲಾನ್‌ಗಿಂತಲೂ ಮಂಕಾಗಿತ್ತು.

ಕಾಣದಿರುವುದೂ ಒಂದು ಪ್ರಮಾಣ ಎಂದವರು ಭಾಟ್ಟ ಮೀಮಾಂಸಕರು. ಅನುಪಲಬ್ಧಿ ಎಂದು ಅದಕ್ಕೆ ಹೆಸರು. ಅದ್ವೈತಿಗಳೂ ಒಪ್ಪಿದರು. ಆದರೆ ಒಂದು ಕಟ್ಟುನಿಟ್ಟು: ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂತಿರಬೇಕು. ಕತ್ತಲ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂದು ಗಡಿಗೆಯೇ ಇಲ್ಲ ಎನ್ನುವಂತಿಲ್ಲ. ಮೊದಲು ದೀಪ ಹಚ್ಚಬೇಕು.

ಆ ದೀಪ ಹಚ್ಚಲು ಖಗೋಳಜ್ಞ ವಾಲ್ಟರ್ ಬಾಡೆಗೆ ವರ್ಷಗಳೇ ಹಿಡಿದವು. ಜರ್ಮನಿಯವರಾದ್ದರಿಂದ ಅಮೆರಿಕದಲ್ಲಿ ಅವರನ್ನು ಎರಡನೇ ಮಹಾಯುದ್ಧದ ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ. ಯುದ್ಧಕಾಲದಲ್ಲಿ ಲಾಸ್ ಏಂಜಲೀಸ್ ದೀಪ ಆರಿಸಿದ್ದ ರಾತ್ರಿಗಳಲ್ಲಿ, ಹತ್ತಿರದ ಮೌಂಟ್ ವಿಲ್ಸನ್ನಿನ 100 ಅಂಗುಲದ ದೂರದರ್ಶಕಕ್ಕೆ ಕೆಂಪು ಬೆಳಕು ಹಿಡಿಯುವ ಗಾಜಿನ ಪ್ಲೇಟು ಕೂಡಿಸಿ, ಅದುವರೆಗೆ ಬರೀ ಮಬ್ಬಾಗಿದ್ದ ಆಂಡ್ರೊಮಿಡಾ ಗೆಲಾಕ್ಸಿಯ ನಡುಭಾಗದಲ್ಲಿ ಹಳೆಯ ಕೆಂಪು ದೈತ್ಯ ನಕ್ಷತ್ರಗಳನ್ನು ಚುಕ್ಕಿ ಚುಕ್ಕಿಯಾಗಿ ಬಿಡಿಸಿದರು.

ಆಮೇಲೆ ಪಾಲೊಮಾರ್‌ನ ಹೊಸ 200 ಅಂಗುಲದ ದೂರದರ್ಶಕ ಬಂತು. ಆಂಡ್ರೊಮಿಡಾದ ದೂರ ಆಗಿನ ಲೆಕ್ಕದಲ್ಲಿ 10 ಲಕ್ಷ ಜ್ಯೋತಿರ್ವರ್ಷಕ್ಕೂ ಕಡಿಮೆ. ಲೆಕ್ಕ ಸರಿಯಿದ್ದರೆ, ದಿನದೊಳಗೇ ಮಿಡಿದು ಮುಗಿಸುವ ಆರ್‌ಆರ್ ಲೈರೇ ಎಂಬ ಮಂದ ನಕ್ಷತ್ರಗಳು ಪ್ಲೇಟಿನಲ್ಲಿ ಮೂಡಬೇಕಿತ್ತು. ಒಂದೂ ಮೂಡಲಿಲ್ಲ. ಅವಕ್ಕಿಂತ ಸುಮಾರು ನಾಲ್ಕು ಪಟ್ಟು ಬೆಳಗುವ ಅದೇ ಕೆಂಪು ದೈತ್ಯಗಳು ಮಾತ್ರ ಪ್ಲೇಟಿನ ಶಕ್ತಿಯ ಅಂಚಿನಲ್ಲಿ ಕಂಡವು. ನನ್ನನ್ನು ಹಿಡಿದು ನಿಲ್ಲಿಸುವುದು ಇದೇ. ಪ್ಲೇಟು ಎಲ್ಲಿಯವರೆಗೆ ನೋಡಬಲ್ಲದು ಎಂಬುದಕ್ಕೆ ಪ್ಲೇಟಿನಲ್ಲೇ ಗುರುತಿತ್ತು. ಹಾಗಾಗಿ ಬಾಡೆಯವರ 'ಕಾಣಲಿಲ್ಲ'ಕ್ಕೆ ನನ್ನ ಹನ್ನೊಂದು ಸಾಲುಗಳಿಗಿಲ್ಲದ ತೂಕ.

ತಪ್ಪಿದ್ದು ಅಳತೆಗೋಲು. ಖಗೋಳಜ್ಞ ಹಬಲ್ 1923ರಲ್ಲಿ ಆಂಡ್ರೊಮಿಡಾದಲ್ಲಿ ಕಂಡ ಸೀಫಿಯಿಡ್ ನಕ್ಷತ್ರದಿಂದ, ಅಂದರೆ ನನ್ನ ತಾರಸಿಯ ಡೆಲ್ಟಾದಂತೆ ಏರಿಳಿಯುವ ನಕ್ಷತ್ರದಿಂದ, ದೂರ ಅಳೆದಿದ್ದರು. ಸೀಫಿಯಿಡ್‌ಗಳಲ್ಲಿ ಎರಡು ಬಗೆಯಿದ್ದು, ಅವುಗಳ ಕಾಂತಿ ಬೇರೆ ಬೇರೆ ಎಂಬುದು ಆಗ ತಿಳಿದಿರಲಿಲ್ಲ. 1952ರಲ್ಲಿ ರೋಮ್‌ನಲ್ಲಿ ನಡೆದ ಖಗೋಳಜ್ಞರ ಸಭೆಯಲ್ಲಿ ಬಾಡೆ ಇದನ್ನು ಹೇಳಿದಾಗ, ಪ್ರಿಟೋರಿಯಾದಿಂದ ಬಂದಿದ್ದ ಡೇವಿಡ್ ಥ್ಯಾಕರೆ ಎದ್ದು, ನೆರೆಯ ಗೆಲಾಕ್ಸಿಗಳಾದ ಮೆಗೆಲಾನಿಕ್ ಮೋಡಗಳಲ್ಲಿ ಆರ್‌ಆರ್ ಲೈರೇ ಸಿಕ್ಕಿವೆ, ಅವೂ ಎಣಿಸಿದ್ದಕ್ಕಿಂತ ಮಂದವಾಗಿವೆ ಎಂದರು. ಗೆಲಾಕ್ಸಿಗಳ ದೂರ ಇಮ್ಮಡಿಯಾಯಿತು. ವಿಶ್ವದ ವಯಸ್ಸು ಭೂಮಿಯದಕ್ಕಿಂತ ಕಡಿಮೆ ಬರುತ್ತಿದ್ದ ತೊಡಕೂ ಸಡಿಲವಾಯಿತು.

ಬಾಡೆ 1960ರಲ್ಲಿ ತೀರಿಕೊಂಡರು. ಅವರು ಹುಡುಕಿದ್ದ ಆರ್‌ಆರ್ ಲೈರೇ ನಕ್ಷತ್ರಗಳು ಆಂಡ್ರೊಮಿಡಾದ ಹೊರವಲಯದಲ್ಲಿ ಸಿಕ್ಕ ವರದಿ 1987ರಲ್ಲಿ ಬಂತು. ಕಂಡದ್ದು ಹವಾಯಿಯ 3.6 ಮೀಟರ್ ದೂರದರ್ಶಕದಿಂದ.